ಇಂಗುವಿಕೆ ಅಳತೆಯೋ, ಮನೆಮನೆ ಪ್ರಶ್ನಾವಳಿಯೋ? ಭೂಗೋಳ ಕ್ಷೇತ್ರಕಾರ್ಯಕ್ಕೆ ಯಾವುದು

ಚಿತ್ರದುರ್ಗದ ಸುತ್ತ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಹಾಗಾಗಿ ಕ್ಷೇತ್ರಕಾರ್ಯಕ್ಕೆ ಒಂದೇ ದಿನ ಕೈಯಲ್ಲಿದ್ದರೆ ಇಂಗುವಿಕೆ ಅಳತೆಯನ್ನೇ, ಅಂದರೆ ನೀರು ಮಣ್ಣಿಗೆ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆಯುವುದನ್ನೇ ಆರಿಸಿ. ಎರಡೂ ಬದಿ ತೆರೆದ, 15 ಸೆಂ.ಮೀ. ಅಗಲದ ಪೈಪಿನ ತುಂಡನ್ನು ಮಣ್ಣಿಗೆ 5 ಸೆಂ.ಮೀ. ಇಳಿಸಿ, ನೀರು ತುಂಬಿ, ಸ್ಕೇಲು ನಿಲ್ಲಿಸಿ. ನೀರು ಎಷ್ಟು ಇಳಿಯಿತೆಂದು 5 ನಿಮಿಷಕ್ಕೊಮ್ಮೆ, ಅರ್ಧ ಗಂಟೆ ಬರೆದುಕೊಳ್ಳಿ. ಪ್ರತಿ ಮಣ್ಣಿಗೂ ಮೂರು ಜಾಗ ಬೇಕು. 38, 42, 90 ಮಿ.ಮೀ. ಬಂದರೆ ಸರಾಸರಿ ದಾರಿ ತಪ್ಪಿಸುತ್ತದೆ; ನಡುವಿನ 42 ಹಿಡಿಯಿರಿ, 90 ಏಕೆ ಬಂತೆಂದು ಮಂಡಿಯೂರಿ ನೋಡಿ. ಪೈಪಿನ ಅಂಚಲ್ಲಿ ಸೋರಿರಬಹುದು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ನೆಲ ನೀರನ್ನು ಗಟಗಟ ಕುಡಿದು, ಕೆಂಪು ಮಣ್ಣಿಗಿಂತ ಬೇಗ ಇಂಗಿಸುತ್ತದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಹಿಂದಿನ ದಿನವೇ ನೆನೆಸಿಡಿ.

ಪ್ರಶ್ನಾವಳಿಗೆ ಖರ್ಚಿಲ್ಲ, ಆದರೆ ತಪ್ಪು ಕಣ್ಣಿಗೆ ಕಾಣದು. "ನೀರು ಕಡಿಮೆಯಾಗಿದೆ ಅಲ್ವಾ ಅಜ್ಜಾ?" ಎಂದರೆ "ಹೌದಪ್ಪಾ" ಎಂದೇ ಉತ್ತರ ಬರುತ್ತದೆ. "ಕೊಳವೆಬಾವಿ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು?" ಎಂದು ಕೇಳಿ, ಪ್ರತಿ ಐದನೇ ಮನೆಗೆ ಹೋಗಿ. ಸಂತೆ ದಿನ ಬೇಡ.

ದಾವಣಗೆರೆ ಕಡೆ, ಭದ್ರಾ ನಾಲೆಯ ಮೇಲ್ಭಾಗ ಮತ್ತು ಕೊನೆಭಾಗದ ಊರುಗಳನ್ನು ಹೋಲಿಸುವುದಾದರೆ ಮಾತ್ರ ಪ್ರಶ್ನಾವಳಿಯೇ ಮೇಲು. ನೀರು ಯಾವಾಗ ತಲುಪಿತೆಂಬುದನ್ನು ರೈತರೇ ಹೇಳಬೇಕು.

ತೀರ್ಮಾನ ಬರೆಯುವಾಗ "ಎರೆ ಮಣ್ಣಲ್ಲಿ ನೀರು ಇಂಗುವುದಿಲ್ಲ" ಎನ್ನಬೇಡಿ. "ನಾವು ಅಳೆದ ಮೂರು ಜಾಗಗಳಲ್ಲಿ, ನೆನೆದ ಎರೆ ಮಣ್ಣಿನಲ್ಲಿ ಅರ್ಧ ಗಂಟೆಗೆ ಇಷ್ಟು ಮಿ.ಮೀ. ಇಳಿಯಿತು" ಎನ್ನಿ.