ಕಾರು ಸರ್ವಿಸ್ ಬಿಲ್ ಜಗಳ: ಕೌಂಟರ್, ಕಂಪನಿ, 1915 ಸಹಾಯವಾಣಿ

ಬೆಂಗಳೂರಿನ ಒಂದು ಅಧಿಕೃತ ಸರ್ವಿಸ್ ಸೆಂಟರ್ ಹೇಳದೆ ಕೇಳದೆ ಇಂಜೆಕ್ಟರ್ ಕ್ಲೀನಿಂಗ್, ಎಸಿ ಕ್ಲೀನಿಂಗ್ ಅಂತ ನನ್ನ ಬಿಲ್‌ಗೆ ಸೇರಿಸಿತ್ತು. ಬ್ರೇಕ್ ಪ್ಯಾಡ್ ಕೂಡ ಬದಲಿಸಿದ್ದರಂತೆ. ಹಳೇ ಪ್ಯಾಡ್ ತೋರಿಸಿ ಅಂದರೆ, "ಸ್ಕ್ರ್ಯಾಪ್‌ಗೆ ಹೋಯ್ತು ಸಾರ್." ದುಡ್ಡು ವಾಪಸ್ ಪಡೆಯಲು ನಾನು ಹಿಡಿದ ದಾರಿಗಳು ಇವು.

ಕೌಂಟರ್‌ನಲ್ಲಿ ಜಗಳವಾಡಿದರೆ ಬೇಗ ಮುಗಿಯುತ್ತದೆ, ಆದರೆ ಸಿಗುವುದು ಡಿಸ್ಕೌಂಟ್ ಮಾತ್ರ. ಲೇಬರ್ ಚಾರ್ಜ್‌ನಲ್ಲಿ ಸ್ವಲ್ಪ ಬಿಡುತ್ತೇವೆ ಅಂದರು. ನಾನು ಕೇಳದ ಕೆಲಸಕ್ಕೆ ಡಿಸ್ಕೌಂಟ್ ಯಾಕೆ ಅಂದರೆ ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ! ಕಾರಿನ ಕೀ ಅವರ ಕೈಯಲ್ಲಿರುವಾಗ ಎಷ್ಟು ಕೂಗಾಡಿದರೂ ಸುಮ್ನೆ. 'ಒಪ್ಪಿಗೆಯಿಲ್ಲದೆ ಕಟ್ಟುತ್ತಿದ್ದೇನೆ' ಅಂತ ಬಿಲ್ ಮೇಲೆ ಬರೆದು, ದುಡ್ಡು ಕಟ್ಟಿ ಬಂದೆ.

ಕಾರು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು ದಂಡ. ಮೇಲ್ ಹಾಗಲ್ಲ. ಜಾಬ್ ಕಾರ್ಡ್ (ಕಾರು ಬಿಡುವಾಗ ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿ), ಬಿಲ್ ಎರಡರ ಫೋಟೋ ಹಾಕಿ, ಕಾರ್ಡ್‌ನಲ್ಲಿ ಇಲ್ಲದ್ದು ಬಿಲ್‌ನಲ್ಲಿ ಹೇಗೆ ಬಂತು ಅಂತ ಅಷ್ಟೇ ಕೇಳಿದೆ. ಉದ್ದುದ್ದ ಬರೆಯಲಿಲ್ಲ, ಬೈಯಲಿಲ್ಲ. ಎರಡೂ ಕ್ಲೀನಿಂಗ್ ದುಡ್ಡು ವಾಪಸ್ ಬಂತು. ಬ್ರೇಕ್ ಪ್ಯಾಡ್ ಬಗ್ಗೆ ಮಾತ್ರ ಮಾತಿಲ್ಲ. ಅದು ಜಾಬ್ ಕಾರ್ಡ್‌ನಲ್ಲಿತ್ತಲ್ಲ.

ಅದಕ್ಕೆ 1915, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ದೂರು ಹೇಳಬಹುದು. ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೊಟ್ಟು ಕಂಪನಿಗೆ ಕಳಿಸುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆದರೂ ಆಮೇಲೆ ಸರ್ವಿಸ್ ಸೆಂಟರಿನವರೇ ಕರೆದು ಚಕ್ರ ಬಿಚ್ಚಿ ತೋರಿಸಿದರು. ಪ್ಯಾಡ್ ನಿಜಕ್ಕೂ ಹೊಸದು. ಹಳೆಯದು ಅಷ್ಟು ಸವೆದಿತ್ತಾ? ಅದಕ್ಕೆ ಸಾಕ್ಷಿ ಸ್ಕ್ರ್ಯಾಪ್‌ಗೆ ಹೋಗಿಯಾಗಿತ್ತು.

ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗದವರೆಗೆ ಹೋಗಲಿಲ್ಲ. ಅಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, 2 ವರ್ಷದೊಳಗೆ ದೂರು ಕೊಟ್ಟರಾಯಿತು. ಎಂಜಿನ್ನನ್ನೇ ಹಾಳು ಮಾಡಿದ್ದರೆ ಖಂಡಿತ ಹೋಗುತ್ತಿದ್ದೆ. ಒಂದು ಸೆಟ್ ಪ್ಯಾಡ್‌ಗೆ ಅಷ್ಟು ಓಡಾಟ ಜಾಸ್ತಿಯಾಯಿತು.

ಬೀದಿ ಬದಿಯ ಗ್ಯಾರೇಜ್ ಆದರೆ ಇದೆಲ್ಲ ಕಷ್ಟ. ಎಷ್ಟೋ ಕಡೆ ಜಾಬ್ ಕಾರ್ಡೂ ಇಲ್ಲ, ಬಿಲ್ಲೂ ಇಲ್ಲ. ಬಿಲ್ ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪೇ. ಆದರೆ ದುಡ್ಡು ಕೊಟ್ಟಿದ್ದಕ್ಕೇ ಗುರುತಿಲ್ಲದಿದ್ದರೆ ಯಾರಿಗೆ ಏನು ತೋರಿಸುವುದು? ಅಲ್ಲಿ ಕೌಂಟರ್ ಜಗಳವೇ ಗತಿ. ಒಂದು ಅನುಕೂಲ ಮಾತ್ರ ಇದೆ: ಪಕ್ಕದಲ್ಲೇ ನಿಂತು ನೋಡಬಹುದು, ಬಿಚ್ಚಿದ ಪಾರ್ಟ್ ಅಲ್ಲೇ ಕೈಗೆ ಸಿಗುತ್ತದೆ. ಬಿಡಿಭಾಗದ ಅಂಗಡಿಗಳಿರುವ ಜೆಸಿ ರೋಡ್‌ನಿಂದ ಪಾರ್ಟ್ ನೀವೇ ತಂದುಕೊಟ್ಟರೆ ರೇಟಿನ ಜಗಳವೂ ಇಲ್ಲ, ಡಬ್ಬಿ ಮೇಲೆ ಎಂಆರ್‌ಪಿ ಇರುತ್ತದೆ.