ಹದಿನಾರೋ, ಹದಿನೇಳೋ, ಹದಿನೆಂಟೋ: ಮಂಡ್ಯದ ರಸ್ತೆಗೆ ಯಾವ ಚಕ್ರ?

ನನ್ನ ಎಸ್‌ಯುವಿಗೆ ಕಂಪನಿ ಕೊಟ್ಟದ್ದು 16 ಇಂಚಿನ ಉಕ್ಕಿನ ಚಕ್ರ, 205/65 ಟೈರ್. ಅಂದರೆ ಟೈರಿನ ಅಗಲ 205 ಮಿಲಿಮೀಟರ್, ಸೈಡ್‌ವಾಲ್ (ಟೈರಿನ ಪಕ್ಕದ ರಬ್ಬರ್ ಗೋಡೆ) ಎತ್ತರ ಆ ಅಗಲದ ಶೇಕಡಾ 65. ಅದೇ ಮಾದರಿಯ ಮೇಲ್ದರ್ಜೆಯ ಗಾಡಿಗೆ 17 ಇಂಚಿನ ಅಲಾಯ್ (ಮಿಶ್ರಲೋಹದ ಚಕ್ರ), 215/60. ಅದೂ ಸಾಲದೆನ್ನುವವರು ಹಾಕಿಸುವುದು 18 ಇಂಚು, 215/55. ಭಾವನ ಗಾಡಿಯ 17 ಇಂಚಿನ ಚಕ್ರಗಳನ್ನೂ ಪರಿಚಯದ ಅಂಗಡಿಯಿಂದ ಎರವಲು ತಂದ 18 ಇಂಚಿನವನ್ನೂ ನನ್ನ ಗಾಡಿಗೇ ಜೋಡಿಸಿ, ಅವೇ ರಸ್ತೆಗಳಲ್ಲಿ ಓಡಿಸಿ ನೋಡಿದೆ.

ಚಾಮುಂಡಿ ಬೆಟ್ಟದ ತಿರುವುಗಳಲ್ಲಿ 18 ಇಂಚಿನದ್ದೇ ಮೇಲುಗೈ. ಸ್ಟಿಯರಿಂಗ್ ತಿರುಗಿಸಿದೊಡನೆ ಗಾಡಿ ಮೂತಿ ತಿರುಗಿಸುತ್ತದೆ, ಒಡಲು ವಾಲುವುದೂ ಕಡಿಮೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಮಾತ್ರ ಮೇಲ್ಸೇತುವೆಯ ಪ್ರತಿ ಜೋಡಣೆಯೂ ಅದರಲ್ಲಿ ಸೀಟಿನವರೆಗೆ ತಟ್ಟುತ್ತದೆ. 17 ಇಂಚಿನದು ಅಲ್ಲಿ ನೆಮ್ಮದಿಯಾಗಿ ಓಡಿತು. 16 ಇಂಚಿನದು ಎಲ್ಲಕ್ಕಿಂತ ಮೃದು, ಆದರೆ ವೇಗದಲ್ಲಿ ಪಥ ಬದಲಿಸುವಾಗ ತುಸು ತೇಲಿದಂತೆ ಅನ್ನಿಸುತ್ತದೆ.

ನಿಜವಾದ ಪರೀಕ್ಷೆ ನಡೆದದ್ದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ರಸ್ತೆಗಳಲ್ಲಿ. ಕಬ್ಬು ಅರೆಯುವ ಕಾಲದಲ್ಲಿ ಎದುರಿನಿಂದ ಜಲ್ಲೆ ತುಂಬಿದ ಟ್ರ್ಯಾಕ್ಟರ್ ಬಂದರೆ ನಾವೇ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಕಿತ್ತುಹೋದ ಡಾಂಬರಿನ ಅಂಚು ಹೊಡೆಯುವುದು ಟೈರಿನ ಸೈಡ್‌ವಾಲ್‌ಗೇ. 16 ಮತ್ತು 17 ಇಂಚಿನ ಚಕ್ರಗಳಲ್ಲಿ ಆ ಏಟನ್ನು ರಬ್ಬರು ನುಂಗಿಕೊಂಡಿತು. 18 ಇಂಚಿನದರಲ್ಲಿ ‘ಠಣ್’ ಎಂಬ ಲೋಹದ ಸದ್ದು ಕೇಳಿದಾಗ ನನ್ನ ಎದೆ ಝಲ್ಲೆಂದಿತು.

ಕಾರಣ ಲೆಕ್ಕದಲ್ಲೇ ಇದೆ. ಸೈಡ್‌ವಾಲ್ ಎತ್ತರ 16 ಇಂಚಿನದಕ್ಕೆ ಸುಮಾರು 133 ಮಿಲಿಮೀಟರ್, 17ಕ್ಕೆ 129, 18ಕ್ಕೆ 118. ದೊಡ್ಡ ಚಕ್ರ ಹಾಕಿದರೆ ಗಾಡಿ ಎತ್ತರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 16ರಿಂದ 17ಕ್ಕೆ ಹೋದರೆ ನೆಲದಿಂದ 8 ಮಿಲಿಮೀಟರಿನಷ್ಟು ಏರುವುದು ನಿಜ, ಅದಕ್ಕೆ ತೆರುವ ರಬ್ಬರು ನಾಲ್ಕೇ ಮಿಲಿಮೀಟರ್. ಆದರೆ 17ರಿಂದ 18ಕ್ಕೆ ಸಿಗುವ ಎತ್ತರ ಬರೀ ಎರಡು ಮಿಲಿಮೀಟರ್, ಕಳೆದುಕೊಳ್ಳುವ ರಬ್ಬರು ಹನ್ನೊಂದರ ಹತ್ತಿರ! ಇಂಥ ವ್ಯಾಪಾರವನ್ನು ನಮ್ಮ ರಸ್ತೆಗಳಿಗಾಗಿ ಯಾರೂ ಮಾಡಬಾರದು.

ಸೈಡ್‌ವಾಲ್ ಒಮ್ಮೆ ಉಬ್ಬಿತೆಂದರೆ ಟೈರ್ ಬದಲಿಸುವುದೊಂದೇ ದಾರಿ, ಪಂಕ್ಚರ್‌ನಂತೆ ಮುಚ್ಚಲಾಗದು. ಉಕ್ಕಿನ ರಿಮ್ ಸೊಟ್ಟಗಾದರೆ ಹಳ್ಳಿಯ ಅಂಗಡಿಯಲ್ಲೂ ಬಡಿದು ಸರಿಮಾಡಿಕೊಡುತ್ತಾರೆ, ಅಲಾಯ್ ಬಿರುಕು ಬಿಡಬಹುದು. 16ರ ಪರವಾಗಿರುವ ಬಲವಾದ ಕಾರಣ ಇದು. ಹೊಲ–ತೋಟಗಳಿಗೆ ದಿನವೂ ಹೋಗುವವರು ಅದನ್ನೇ ಉಳಿಸಿಕೊಳ್ಳಲಿ.

ವಾರವಾರ ಹೆದ್ದಾರಿ ಹಿಡಿಯುವ ನನಗೆ 17 ಇಂಚಿನದೇ ಸರಿ. ಆದರೂ ಈಗಿರುವ ಟೈರ್‌ಗಳಲ್ಲಿ ಇನ್ನೂ ಗೀರುಗಳ ಆಳ ಉಳಿದಿದೆ, ಅವು ಸವೆಯುವವರೆಗೆ ಖರ್ಚು ಮಾಡುವುದಿಲ್ಲ. ಬದಲಿಸುವಾಗ ಸ್ಟೆಪ್ನಿಯನ್ನೂ ಸೇರಿಸಿ ಐದೂ ಒಂದೇ ಅಳತೆಯವನ್ನು ಕೊಳ್ಳುತ್ತೇನೆ. 16ರ ಸ್ಟೆಪ್ನಿಯ ವ್ಯಾಸ 17 ಇಂಚಿನದಕ್ಕಿಂತ ಸುಮಾರು 17 ಮಿಲಿಮೀಟರ್ ಕಡಿಮೆ, ಅದನ್ನು ಮುಂದಿನ ಚಕ್ರಕ್ಕೆ ಹಾಕಿಕೊಂಡು ಮಂಡ್ಯದಿಂದ ಬೆಂಗಳೂರಿನವರೆಗೆ ಓಡಿಸುವ ಧೈರ್ಯ ನನಗಿಲ್ಲ. ಚಕ್ರ ಬದಲಿಸಿದ ಸಂಗತಿಯನ್ನು ವಿಮೆ ಕಂಪನಿಗೂ ಬರೆದು ತಿಳಿಸುತ್ತೇನೆ.