ಕೇಳಿ ಮಾಡುವವರಾ, ಮಾಡಿ ತೋರಿಸುವವರಾ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗಿರ್ಮಿಟ್ ತಿನ್ನುತ್ತಾ ತಮ್ಮ ಕೇಳಿದ: ‘ಅಣ್ಣಾ, ಓಲ್ಡ್ ಸ್ಕೂಲ್ ರೂನ್‌ಸ್ಕೇಪ್, ನೋ ಮ್ಯಾನ್ಸ್ ಸ್ಕೈ, ಎರಡರಲ್ಲಿ ಯಾವ ಗೇಮ್ ಹಿಡೀಲಿ?’

2013ರಲ್ಲಿ ಬಂದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಹೊಸದೇನಾದರೂ ಸೇರಿಸುವ ಮೊದಲು ಆಟಗಾರರ ಮತ ಕೇಳುತ್ತಾರೆ. ಮೊದಲು ಶೇ. 75 ಒಪ್ಪಿಗೆ ಬೇಕಿತ್ತು, ಈಗ 70 ಸಾಕು. ಸಿಗಲಿಲ್ಲವೇ, ಯೋಜನೆ ಅಲ್ಲಿಗೇ ನಿಂತಿತು. ಎಲ್ಲಕ್ಕೂ ಮತ ಇಲ್ಲ ಅನ್ನಿ. ದೋಷ ಇದ್ದರೆ ಸುಮ್ನೆ ತಿದ್ದುತ್ತಾರೆ.

ನೋ ಮ್ಯಾನ್ಸ್ ಸ್ಕೈ ಬೇರೆ ಜಾತಿ. 2016ರ ಆಗಸ್ಟ್‌ನಲ್ಲಿ ಬಂದಾಗ, ಹೇಳಿದ್ದೆಷ್ಟೋ ಇರಲೇ ಇಲ್ಲ. ಬೈಗುಳವೋ ಬೈಗುಳ. ಅದನ್ನು ಮಾಡಿದ ಹಲೋ ಗೇಮ್ಸ್ ಕಂಪನಿಯವರು ಬಾಯಿಗೆ ಬೀಗ ಹಾಕಿ ಕೂತರು. ನವೆಂಬರ್‌ನಲ್ಲಿ ದೊಡ್ಡ ಅಪ್‌ಡೇಟ್ ಬಂತು. ಆಮೇಲೂ ಬಂದವು, ಎಲ್ಲ ಪುಕ್ಕಟೆ.

ನೋ ಮ್ಯಾನ್ಸ್ ಸ್ಕೈ ಒಮ್ಮೆ ಕೊಂಡರೆ ಆಯ್ತು. ರೂನ್‌ಸ್ಕೇಪ್ ಪೂರ್ತಿ ಆಡಲು ಸದಸ್ಯತ್ವದ ದುಡ್ಡು ಕಟ್ಟುತ್ತಿರಬೇಕು. ಆದರೂ ಗಿರ್ಮಿಟ್‌ಗೆ ಉಳ್ಳಾಗಡ್ಡಿ ಎಷ್ಟಿರಬೇಕು ಅಂತಲೂ ವಾದ ಮಾಡೋ ನಮ್ಮ ತಮ್ಮನಿಗೆ ಮತ ಹಾಕೋ ಗೇಮೇ ಸರಿ, ಅಲ್ವಾ?